ಕಾರೂ ತಗ್ಗಬೇಕಂತೆ!

ಹೆಣ್ಣುಮಕ್ಕಳು ತಗ್ಗಿ ಬಗ್ಗಿ ನಡೆಯಬೇಕೆಂಬ ಮಾತನ್ನು ಕೇಳಿ ಕೇಳಿಯೇ ಬೆಳೆದವಳು ನಾನು. ಕಾರೂ ತಗ್ಗಬೇಕೆಂಬುದು ತಿಳಿದದ್ದು ಮಾತ್ರ ನನ್ನ ಮಗಳಿಂದ. ತನ್ನ ಸಂಬಳದಲ್ಲೇ ಕಂತು ಕಟ್ಟಿ ಸ್ವಿಫ್ಟ್ ಕಾರು ಕೊಂಡವಳು ಅವಳು. "ಅಮ್ಮಾ, ಸ್ಪ್ರಿಂಗ್ ಬದಲಾಯಿಸಿ ಎರಡಿಂಚು ಕೆಳಗಿಳಿಸಿದ್ರೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?" ಎಂದಳು.

"ಕಾರು ಇರೋದು ಕೂರೋದಕ್ಕೋ, ನೋಡೋದಕ್ಕೋ?" ಎಂದು ನಮ್ಮೆಜಮಾನರು ಪೇಪರಿನ ಮರೆಯಿಂದಲೇ ತೀರ್ಪು ಕೊಟ್ಟುಬಿಟ್ಟರು. ನನಗೆ ಅಷ್ಟು ಸಲೀಸಾಗಿ ಬೇಡವೆನ್ನಲು ಬಾಯಿ ಬರಲಿಲ್ಲ. ರವಿಕೆಯ ತೋಳು ಅರ್ಧ ಇಂಚು ಗಿಡ್ಡವಾಗಲಿ ಎಂದು ನಾವು ದರ್ಜಿಯ ಅಂಗಡಿಗೆ ಎರಡು ಸಲ ಅಲೆಯುವುದಿಲ್ಲವೇ? ಅದು ಚೆಂದಕ್ಕಲ್ಲದೆ ಇನ್ನೇತಕ್ಕೆ? ಎರಡೂ ಕಡೆಯ ವಾದ ಕೇಳಿಯೇ ಬಿಡೋಣವೆಂದು ಕೂತೆ.

ಅವಳ ವಾದದಲ್ಲೂ ಹುರುಳಿತ್ತು. ಕಾರು ತಗ್ಗಿದಷ್ಟೂ ಅದರ ಭಾರ ನೆಲಕ್ಕೆ ಹತ್ತಿರವಾಗುತ್ತದೆ. ತಿರುವಿನಲ್ಲಿ ಓಲಾಟ ಕಡಿಮೆ. ತಲೆಯ ಮೇಲೆ ಕೊಡ ಹೊತ್ತವಳಿಗೂ ಸೊಂಟದಲ್ಲಿ ಇಟ್ಟುಕೊಂಡವಳಿಗೂ ಇರುವ ವ್ಯತ್ಯಾಸವೇ ಇದು. ರೇಸಿನ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಓಡುವುದೂ ಇದಕ್ಕೇ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿನಲ್ಲಿ ಇದು ಶೋಕಿಯಲ್ಲ, ಅಗತ್ಯ.

ಆದರೆ ನಮ್ಮೂರಿನ ರಸ್ತೆ? ಅಲ್ಲಿಂದ ಇನ್ನೊಂದು ಪಕ್ಷ ಶುರು. ಸ್ಪ್ರಿಂಗ್ ಗಿಡ್ಡವಾದರೆ ಅದು ಕುಗ್ಗುವುದಕ್ಕೆ ಜಾಗವೂ ಕಡಿಮೆ. ಹಾಗಾಗಿ ಅದನ್ನು ಗಟ್ಟಿಯಾಗಿಯೇ ಮಾಡಬೇಕು. ಗುಂಡಿಯ ಪೆಟ್ಟು ನೇರವಾಗಿ ಬೆನ್ನುಮೂಳೆಗೇ. ಕೆಲವರು ಅಗ್ಗದಲ್ಲಾಗಲಿ ಎಂದು ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಹಾಕುತ್ತಾರೆ. ಚಕ್ರ ಗುಂಡಿಗಿಳಿದಾಗ ಅಂಥ ಸ್ಪ್ರಿಂಗ್ ಕೂತ ಜಾಗದಿಂದಲೇ ಜಾರಬಹುದು. ಚಕ್ರಗಳ ಅಲೈನ್‌ಮೆಂಟ್ ಮತ್ತೆ ಸರಿ ಮಾಡಿಸದಿದ್ದರೆ ಟೈರು ಒಳಅಂಚಿನಲ್ಲೇ ಸವೆಯುತ್ತದೆ.

ಇನ್ನು ಹಂಪುಗಳ ಕಥೆ. ಅವಳ ಕಾರಿನ ಹೊಟ್ಟೆಗೂ ನೆಲಕ್ಕೂ ಕಂಪನಿಯ ಲೆಕ್ಕದಲ್ಲಿ 163 ಮಿಲಿಮೀಟರ್ ಅಂತರ. ಎರಡಿಂಚು ಕಳೆದರೆ ಉಳಿಯುವುದು ಸುಮಾರು 112. ಐದು ಜನ ಹತ್ತಿದರೆ ಇನ್ನೂ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಬೀದಿಯವು ನಿಯಮ ಓದಿಕೊಂಡು ಹುಟ್ಟಿದವಲ್ಲ. ಹೊಲಿಗೆಯ ಟೇಪು ಹಿಡಿದು ನಾನೇ ಹೋಗಿ ಅಳೆದೆ. ದೇವಸ್ಥಾನದ ಮುಂದಿನದು ಐದಿಂಚು ಎತ್ತರ, ಅಗಲ ಎರಡು ಮೊಳವೂ ಇಲ್ಲ. ಕಾರಿನ ಹೊಟ್ಟೆ ಅದರ ಮೇಲೆ ಕೂರುವುದು ಖಂಡಿತ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಒಂದು ನೆಪವೂ ಸಿಕ್ಕಂತೆ.

ಇಷ್ಟೆಲ್ಲದರ ನಡುವೆ ನಾನು ಆಡದೆ ಉಳಿಸಿಕೊಂಡ ಮಾತೊಂದಿತ್ತು: ನಮ್ಮತ್ತೆಯವರ ಮಂಡಿನೋವು. ಎಂಬತ್ತು ದಾಟಿದ ಅವರು ಮೊದಲು ಸೀಟಿನಲ್ಲಿ ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. ಸೀಟು ಎರಡಿಂಚು ತಗ್ಗಿದರೆ ಏಳುವಾಗ ಅವರ ಗತಿಯೇನು? ವಿಷಯ ಕಿವಿಗೆ ಬಿದ್ದದ್ದೇ, "ನನಗೋಸ್ಕರ ಮಗು ಆಸೆ ಬಿಡೋದು ಬೇಡಮ್ಮ, ಆಟೋದಲ್ಲಿ ಹೋಗ್ತೀನಿ" ಎಂದರು.

ಆ ಮಾತು ನನ್ನನ್ನು ಚುಚ್ಚಿತು. ನಮ್ಮಂಥ ಮನೆಗಳಲ್ಲಿ ಹೆಣ್ಣಿನ ಆಸೆ ನಿಲ್ಲುವುದು ಹೀಗೇ, ಯಾರದೋ ಮಂಡಿಗೋ ಯಾರದೋ ಊಟದ ಹೊತ್ತಿಗೋ ತಾಗಿ. ನನ್ನ ವೀಣೆ ಪಾಠ ನಿಂತದ್ದು ಮಾವನವರ ಸಂಜೆಯ ಕಾಫಿಗೆ ಅಡ್ಡವಾಗುತ್ತದೆಂದು. ಆಗ ಯಾರೂ ಲೆಕ್ಕ ಹಾಕಿ ತೋರಿಸಿರಲಿಲ್ಲ. ಬೇಡ ಎಂದರು, ಅಷ್ಟೇ. ಆದ್ದರಿಂದ ಅಜ್ಜಿಯ ಮಂಡಿಯನ್ನು ಮಗಳ ಎದುರು ಅಸ್ತ್ರ ಮಾಡಲಿಲ್ಲ. ಟೇಪಿನ ಅಳತೆ, ಕಾನೂನು, ಖರ್ಚು, ಲಾಭ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. "ಕಾರು ನಿಂದು, ನೀನೇ ನೋಡು" ಎಂದೆ.

ಅವಳು ಎರಡು ದಿನ ತೆಗೆದುಕೊಂಡಳು. ಮೂರನೆಯ ದಿನ, "ಸ್ಪ್ರಿಂಗ್ ಹಾಗೇ ಇರ್ಲಿ. ಆ ದುಡ್ಡಿಗೆ ಒಳ್ಳೆ ಟೈರು ಹಾಕಿಸ್ತೀನಿ, ರಸ್ತೆ ಗಟ್ಟಿಯಾಗಿ ಹಿಡಿಯುತ್ತೆ" ಎಂದಳು. ಒಂದು ಕ್ಷಣ ಬಿಟ್ಟು, "ಅಜ್ಜೀನೂ ಹತ್ಬೇಕಲ್ಲ" ಎಂದು ತಾನೇ ಸೇರಿಸಿದಳು. ಮುಖದಲ್ಲಿ ಸಣ್ಣ ನಿರಾಸೆ ಇತ್ತು, ಸೋಲು ಇರಲಿಲ್ಲ.

"ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದು ಪೇಪರಿನ ಹಿಂದಿನಿಂದ ದನಿ ಬಂತು.

"ಹೇಳಿದ್ರಿ. ಅಳೆದಿರ್ಲಿಲ್ಲ" ಎಂದೆ.