ಹಲಗೆಯ ಗೋಡೆ

ಸಕಲೇಶಪುರದ ಕಡೆಯ ಹಳೆಯ ತೋಟದ ಮನೆಯೊಂದರಲ್ಲಿ ಅಡಿಗೆಮನೆಯ ಗೋಡೆಗೆಲ್ಲ ಹಲಸಿನ ಹಲಗೆ. ತಲೆಮಾರುಗಳ ಹೊಗೆ ಕುಡಿದು ಅದು ಕಪ್ಪಾಗಿತ್ತು. ಮನೆಯ ಹಿರಿಯಾಕೆಗೆ ದೃಷ್ಟಿ ಮಂಜಾಗುತ್ತ ಬಂದಿತ್ತು. ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ದೋಷವಲ್ಲವೆಂದು ವೈದ್ಯರು ತಿಳಿಸಿದ್ದರು. ಆದರೂ ಒಲೆಯ ಮುಂದಿನ ಅಧಿಕಾರವನ್ನು ಬಿಟ್ಟುಕೊಡಲು ಆಕೆ ಒಪ್ಪಲಿಲ್ಲ. ಒಂದು ಸಂಜೆ ಕಪ್ಪು ಗೋಡೆಯ ಮುಂದಿದ್ದ ಕಪ್ಪು ಬಾಣಲೆಯನ್ನು ಕಾಣದೆ ಕೈ ಸುಟ್ಟುಕೊಂಡಾಗ, ಗೋಡೆಯನ್ನು ಬಿಳಿದು ಮಾಡಿಸದೆ ಗತ್ಯಂತರವಿಲ್ಲವೆಂದು ಮಗ ನಿಶ್ಚಯಿಸಿದ.

ಆತನಿಗೆ ಅವಸರ. ಹಲಗೆಗಳ ಸಂದುಗಳಿಗೆಲ್ಲ ಗಟ್ಟಿಯಾದ ಪುಟ್ಟಿ ತುಂಬಿಸಿ, ಮೇಲೆ ದಪ್ಪನಾಗಿ ಎಣ್ಣೆಬಣ್ಣ ಬಳಿಸಿದ. ಗೋಡೆ ಗಾಜಿನಂತೆ ಹೊಳೆಯಿತು. ಮಳೆಗಾಲ ಬಂತು. ತೇವವುಂಡ ಹಲಗೆಗಳು ಅಗಲಕ್ಕೆ ಹಿಗ್ಗಿ ಪುಟ್ಟಿಯನ್ನು ಹೊರಕ್ಕೆ ನೂಕಿದವು. ಒಲೆಯ ಬಳಿ ಜಿಡ್ಡಿನ ಮೇಲೆ ಕುಳಿತಿದ್ದ ಬಣ್ಣ ಸಿಪ್ಪೆಯೆದ್ದಿತು. ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟಲು ಒದಗುತ್ತಿದ್ದ ಹಲಸಿನ ಹಳದಿ ಸತ್ವ ಬಿಳುಪಿನಲ್ಲೆಲ್ಲ ಕಲೆಯಾಗಿ ಇಣುಕಿತು. ತಾಯಿ ಗೋಡೆಯ ಮೇಲೆ ಅಂಗೈ ಆಡಿಸಿ, “ಇದೇನಪ್ಪ, ಕಜ್ಜಿ ಹಿಡಿದಂತಿದೆ!” ಎಂದಳು.

ಮುದಿ ಆಚಾರಿಯೊಬ್ಬ ಬಂದು ನೋಡಿ ನಕ್ಕ. “ನುಣುಪು ಡಬ್ಬಿಯಲ್ಲಿ ಬರುವುದಿಲ್ಲ ಸ್ವಾಮಿ, ಕೈಯಲ್ಲಿ ಬರಬೇಕು. ಅದಿರಲಿ, ಹಲಗೆ ಉಸಿರಾಡುವ ಜಾಗವನ್ನೇ ಮುಚ್ಚಿಬಿಟ್ಟಿದ್ದೀರಲ್ಲ!”

ಮಾಘ ಕಳೆದು, ಹಲಗೆ ಒಣಗಿ ಸಂದುಗಳು ಬಿರಿದಿದ್ದಾಗ ಕೆಲಸ ಮತ್ತೆ ಮೊದಲಾಯಿತು. ಹಿಗ್ಗಿದ ಹಲಗೆಗೆ ಬಳಿದರೆ ಬೇಸಗೆಯಲ್ಲಿ ಬಣ್ಣವಿಲ್ಲದ ಗೆರೆಗಳು ಹೊರಬೀಳುವುವಷ್ಟೆ. ಎದ್ದ ಬಣ್ಣವನ್ನು ಕೆರೆದು, ಬಿಸಿನೀರಿಗೆ ತೊಳೆಯುವ ಸೋಡ ಬೆರೆಸಿ ಜಿಡ್ಡು ತೆಗೆದು, ಶುದ್ಧ ನೀರಿನಿಂದ ಒರಸಿ, ದಿನಗಟ್ಟಲೆ ಒಣಗಬಿಟ್ಟರು. ಬಳಿಕ 120ನೆಯ ನಂಬರಿನ ಉಜ್ಜುಕಾಗದವನ್ನು ಮರದ ಎಳೆಯ ನೇರಕ್ಕೇ ಆಡಿಸಿದರು. ಕಿಟಕಿಯ ಚೌಕಟ್ಟಿನ ಬಹು ಹಳೆಯ ಬಣ್ಣವನ್ನು ಮಾತ್ರ ಒಣಗಿದ್ದಾಗ ಉಜ್ಜಗೊಡಲಿಲ್ಲ. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದನ್ನು ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರವಿರಿಸಿದರು.

ಒಲೆಯಾರಿಸಿ, ಕಿಟಕಿ ತೆರೆದು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಎರಡು ಸಲ ಹಚ್ಚಿದ ಮೇಲೆ ಹಳದಿಯೂ ಹೊಗೆಯ ಕಲೆಯೂ ಅಡಗಿದವು. ಮೊಳೆಯ ತೂತುಗಳಿಗಷ್ಟೆ ಪುಟ್ಟಿ, ಸಂದುಗಳಿಗಿಲ್ಲ. ಪ್ರೈಮರಿನ ಮೇಲೆ ತೆಳುವಾಗಿ ಎರಡು ಲೇಪ, ಪ್ರತಿ ಲೇಪ ಒಣಗಿದ ಮೇಲೆ 220ರ ಕಾಗದದ ಹಗುರ ಸ್ಪರ್ಶ. ಸಣ್ಣ ಕುಂಚದಿಂದ ಮೊದಲು ಸಂದು, ಅನಂತರ ಹಲಗೆಯ ಉದ್ದಕ್ಕೆ ಒಂದೇ ಎಳೆತ. ಹೆಚ್ಚು ಹೊಳಪಿನ ಬಣ್ಣ ಪ್ರತಿಯೊಂದು ಕೊರೆಯನ್ನೂ ಎತ್ತಿ ತೋರಿಸುವುದರಿಂದ ಮಧ್ಯಮ ಹೊಳಪಿನದನ್ನೇ ಆರಿಸಿದರು.

ಮುಂದಿನ ಮಳೆಗಾಲ ಕಳೆದರೂ ಗೋಡೆ ಕದಲಲಿಲ್ಲ. ತಾಯಿ ಮತ್ತೆ ಅಂಗೈ ಆಡಿಸಿದಳು. ಬೆರಳು ಸಂದಿನಲ್ಲಿ ನಿಂತಿತು. ಅದನ್ನೂ ಮುಚ್ಚಿಸೆಂದಾಳೆಂದು ಮಗ ಅಳುಕಿದ.

ಆಕೆ ಒಂದೊಂದಾಗಿ ಸಂದುಗಳನ್ನು ಮುಟ್ಟುತ್ತ ನಡೆದಳು. ಐದನೆಯದರಲ್ಲಿ ನಿಂತು ಕೈ ಮೇಲೆತ್ತಿದಳು. ಉಪ್ಪಿನ ಭರಣಿ ನೇರ ಕೈಗೆ ಬಂದಿತು.

“ಇದನ್ನು ಮಾತ್ರ ಮುಚ್ಚಿಸಬೇಡ,” ಎಂದಳು.