ಕೊಳ್ಳುವವರಿಲ್ಲದ ರಾಜವಾಹನ

‘ಅಪರೂಪ’ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಅಪರೂಪದ ಅತಿಥಿ, ಅಪರೂಪದ ಮಳೆ, ಅಪರೂಪದ ಗುಣ ಎಂದು ನಾವು ಸಂತೋಷದಿಂದಲೇ ಆಡುತ್ತೇವೆ. ಆದರೆ ಒಂದು ವಸ್ತು ಅಪರೂಪವಾಗುವುದು ಹೇಗೆ ಎಂದು ವಿಚಾರಿಸಹೊರಟರೆ ದೊರೆಯುವ ಉತ್ತರ ಯಾವಾಗಲೂ ಸಂತೋಷದ್ದಾಗಿರುವುದಿಲ್ಲ. ಫ್ರಾನ್ಸ್ ದೇಶದ ಒಂದು ಮೋಟಾರು ಕಾರಿನ ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ. ಶೇಂಗಾ ಬೆಳೆದು ಬದುಕುವ ನಮ್ಮ ಬ್ರಹ್ಮಸಮುದ್ರದ ಸೀಮೆಗೂ ಆ ರಾಜವಾಹನಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು, ಮೊದಲು ಕಾರಿನ ಕಥೆಯಾಗಲಿ.

ಆ ಕಾರು ಹುಟ್ಟಿದ್ದೂ ಗಡಿನಾಡಿನಲ್ಲಿಯೇ. ಅಲ್ಸಾಸ್ ಎಂಬ ಪ್ರಾಂತ 1871ರಲ್ಲಿ ಫ್ರಾನ್ಸಿನ ಕೈತಪ್ಪಿ ಜರ್ಮನಿಗೆ ಸೇರಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಮರಳಿ ಫ್ರಾನ್ಸಿಗೆ ಬಂದಿತು. ಅಲ್ಲಿಯ ಮೋಲ್ಸ್‌ಹೈಮ್ ಎಂಬ ಊರಿನಲ್ಲಿ, ಇಟಲಿಯ ಮಿಲಾನಿನಲ್ಲಿ ಜನಿಸಿದ ಎತ್ತೋರೆ ಬುಗಾಟಿ 1909ರಲ್ಲಿ ಕಾರ್ಖಾನೆ ತೆರೆದನು. ಪಂದ್ಯದ ಕಾರುಗಳಿಂದ ಹೆಸರು ಗಳಿಸಿದ ಮೇಲೆ ಅರಸರಿಗೆಂದೇ ಒಂದು ವಾಹನವನ್ನು ನಿರ್ಮಿಸಬೇಕೆಂಬ ಹಂಬಲ ಅವನಲ್ಲಿ ಮೂಡಿತು. 1920ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡ ಆ ವಾಹನವೇ ‘ರೊಯಾಲ್’. ಎಂಟು ಸಿಲಿಂಡರುಗಳ, 12 ಲೀಟರಿಗೂ ಮಿಕ್ಕಿದ ಎಂಜಿನ್. 6 ಮೀಟರಿಗೂ ಹೆಚ್ಚಿನ ಉದ್ದ. ಸುಮಾರು 3 ಟನ್ ತೂಕ. ರೇಡಿಯೇಟರಿನ ನೆತ್ತಿಯ ಮೇಲೆ ಸೊಂಡಿಲೆತ್ತಿ ಹಿಂಗಾಲುಗಳ ಮೇಲೆ ನಿಂತ ಪುಟ್ಟ ಆನೆ. ಅದು ಬುಗಾಟಿಯ ತಮ್ಮ, ಶಿಲ್ಪಿ ರೆಂಬ್ರಾಂಟನ ಕೃತಿಯ ಪ್ರತಿರೂಪ.

ಇಂತಹ 25 ಕಾರುಗಳನ್ನು ಕಟ್ಟುವುದು ಅವನ ಸಂಕಲ್ಪವಾಗಿತ್ತು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಜಗತ್ತನ್ನೇ ಆವರಿಸಿತು. ಕಟ್ಟಿ ಮುಗಿದವು ಆರು. ಹೊರಗಿನವರು ಕೊಂಡದ್ದು ಮೂರು. ರಾಜರಿಗೆಂದು ನಿರ್ಮಿಸಿದ ವಾಹನವನ್ನು ಯಾವ ರಾಜನೂ ಕೊಳ್ಳಲಿಲ್ಲ. ಇಂದು ಜಗತ್ತು ಕೊಂಡಾಡುವ ಅದರ ಅಪರೂಪತೆಯ ಮೂಲ ಇಷ್ಟೇ: ಬೇಕೆನ್ನುವವರು ಇರಲಿಲ್ಲ.

ಅವುಗಳಲ್ಲಿ ಒಂದನ್ನು 1932ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ 6,500 ಪೌಂಡ್ ಬೆಲೆಗೆ ಮಾರಾಟಕ್ಕಿಟ್ಟರು. ನೋಡಿದವರು ಬಹುಮಂದಿ, ಕೊಂಡವರಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬುಗಾಟಿಯ ಮನೆಯವರು ಅದನ್ನು ಗೋಡೆಯ ಹಿಂದೆ ಬಚ್ಚಿಟ್ಟು ಕಾಪಾಡಿದರು. 1950ರ ಸುಮಾರಿಗೆ ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬಾತ ಇನ್ನೊಂದು ರೊಯಾಲ್ ಜೊತೆಗೆ ಇದನ್ನೂ ಕೊಂಡಾಗ, ಹಣದ ಜೊತೆಗೆ ಹೊಸ ರೆಫ್ರಿಜರೇಟರುಗಳನ್ನೂ ಕೊಟ್ಟನೆಂದು ಹೇಳುವುದುಂಟು. ಅದೇ ಕಾರು 1987ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಮಾರಾಟವಾಯಿತು. ಕಾರು ಬದಲಾಗಿರಲಿಲ್ಲ, ಕಾಲ ಬದಲಾಗಿತ್ತು.

ಇನ್ನೊಂದು ರೊಯಾಲ್ ಕಾರಿನ ಪಾಡು ಕೇಳಿ. ಜರ್ಮನಿಯ ವೈದ್ಯರೊಬ್ಬರು ಕೊಂಡ ಆ ಕಾರು, ಅವರು ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೊರಟಾಗ ಅವರೊಡನೆ ಅಲೆದು ನ್ಯೂಯಾರ್ಕನ್ನು ಸೇರಿತು. ಚಳಿಗಾಲದಲ್ಲಿ ಎಂಜಿನ್ನಿನೊಳಗಿನ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳಿತು. ಕಾರು ಗುಜರಿಯ ಪಾಲಾಯಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ನಮ್ಮ ಗಾದೆ ಅಲ್ಲಿ ಸುಳ್ಳಾಯಿತು. ಬೋರ್‌ವೆಲ್ ಬಂದ ಮೇಲೆ ನಮ್ಮ ಬಾವಿಗಳ ಹಳೆಯ ಆಯಿಲ್ ಎಂಜಿನ್ನುಗಳು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಹೋದುದನ್ನು ಕಂಡವರಿಗೆ ಇದು ಹೊಸತಲ್ಲ. ಪುಣ್ಯಕ್ಕೆ ಚಾರ್ಲ್ಸ್ ಚೇಯ್ನ್ ಎಂಬ ಅಮೆರಿಕದ ಎಂಜಿನಿಯರ್ ಅದರ ಬೆಲೆಯನ್ನು ಬಲ್ಲವನಾಗಿದ್ದನು. ಆತ ಅದನ್ನು 1946ರಲ್ಲಿ ಕೊಂಡು, ದುರಸ್ತಿ ಮಾಡಿಸಿ, ಮುಂದೆ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟನು.

ಈ ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಹರಾಜಿನದಲ್ಲ, ರೈಲಿನದು. ಮಾರಾಟವಾಗದ ಕಾರುಗಳಿಗೆಂದು ಸಿದ್ಧಪಡಿಸಿದ ಎಂಜಿನ್ನನ್ನು ಏನು ಮಾಡುವುದು? ಬುಗಾಟಿ ಅದನ್ನು ರೈಲುಬಂಡಿಗೆ ಜೋಡಿಸಿದನು. ಒಂದು ಬಂಡಿಗೆ ಎರಡೋ ನಾಲ್ಕೋ ಎಂಜಿನ್. 1933ರಿಂದ ಅವು ಫ್ರಾನ್ಸಿನ ಹಳಿಗಳ ಮೇಲೆ ವೇಗದಿಂದ ಓಡಿ, ಯುದ್ಧಾನಂತರವೂ ಜನರನ್ನು ಊರಿಂದೂರಿಗೆ ಮುಟ್ಟಿಸಿದವು. ಅರಸನಿಗೆ ಬೇಡವಾದ ಎಂಜಿನ್ ಟಿಕೆಟು ಕೊಂಡವರೆಲ್ಲರಿಗೂ ದಕ್ಕಿತು. ಕಾರ್ಖಾನೆಗೂ ಕೆಲಸ ಸಿಕ್ಕಿತು.

ನಮ್ಮ ದೇಶದಲ್ಲಿಯೂ ಹಳೆಯ ವಾಹನಗಳಿಗೆ ಗೌರವ ಬಂದಿದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಯೇ ಇರುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನವನ್ನು 20,000 ರೂಪಾಯಿ ಶುಲ್ಕ ತೆತ್ತು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ವಿಶೇಷ ಫಲಕ ದೊರೆಯುತ್ತದೆ. ಆದರೆ ಒಂದು ಕಟ್ಟಳೆಯುಂಟು: ಅಂತಹ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಇಂಧನಕ್ಕೆ, ದುರಸ್ತಿಗೆ ಮಾತ್ರ ಅದು ರಸ್ತೆಗಿಳಿಯಬಹುದು. ಕಾರಿಗೆ ಇದು ತಕ್ಕ ಏರ್ಪಾಡೇ ಸರಿ.

ಭಾಷೆಗೆ ಮಾತ್ರ ಅಂತಹ ಫಲಕ ಬೇಡ. ಅಲ್ಸಾಸಿನಲ್ಲಿ ಕಾರುಗಳಿಗೆ ಭವ್ಯ ವಸ್ತುಸಂಗ್ರಹಾಲಯವುಂಟು. ಬುಗಾಟಿಯ ಆ ರೈಲುಬಂಡಿಗಳಲ್ಲಿ ಉಳಿದ ಒಂದೂ ಮುಲೂಸ್ ನಗರದ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಪ್ರಾಂತದ ಮನೆಮಾತಾದ ಅಲ್ಸೇಷಿಯನ್, ಶಾಲೆ ಕಚೇರಿಗಳಲ್ಲೆಲ್ಲ ಫ್ರೆಂಚ್ ನೆಲೆಯೂರಿದ ಮೇಲೆ, ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ನಾಲಗೆಯಿಂದ ಜಾರುತ್ತ ಬಂದಿದೆ.

1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಹೋಯಿತು. ಅನಂತಪುರ ಜಿಲ್ಲೆಯವರಾದ ನಾವು ಇತ್ತ ಉಳಿದೆವು. ತೆಲುಗು ನಮಗೆ ಅನ್ನ ಕೊಡುವ ಭಾಷೆ, ನೆರೆಮನೆಯ ಭಾಷೆ. ಅದರೊಡನೆ ನಮಗೆ ಯಾವ ಜಗಳವೂ ಇಲ್ಲ. ಬೆಂಗಳೂರಿನಿಂದ ಬಂದ ಅತಿಥಿಗಳು ‘ಇಲ್ಲಿಯೂ ಕನ್ನಡವಿದೆಯೇ! ಅಪರೂಪ!’ ಎಂದು ಸಂತೋಷಪಟ್ಟಾಗ ಮಾತ್ರ ನಮಗೆ ಹೆಮ್ಮೆಗಿಂತ ಭಯವೇ ಹೆಚ್ಚಾಗುತ್ತದೆ. ಅಪರೂಪವಾಗುವುದೆಂದರೆ ಕೊಳ್ಳುವವರು ಕಡಿಮೆಯಾಗುವುದು. ನವೆಂಬರಿನಲ್ಲಿ ಒಂದು ದಿನ ಮೆರವಣಿಗೆ ತೆಗೆದು, ಉಳಿದ ದಿನಗಳಲ್ಲಿ ಷೆಡ್ಡಿನಲ್ಲಿ ನಿಲ್ಲಿಸುವ ನುಡಿಗೆ ನಾವೇ ‘ವಿಎ’ ಫಲಕ ತಗುಲಿಸಿದಂತೆ.

ಆದುದರಿಂದ ನಮ್ಮ ಮನೆಗಳಲ್ಲಿ ಕನ್ನಡವು ರೈಲುಬಂಡಿಯ ಎಂಜಿನ್ನಿನಂತೆ ದುಡಿಯಲಿ. ಶೇಂಗಾ ಮೂಟೆಗಳ ಲೆಕ್ಕ, ಅಂಗಡಿಯ ಚೀಟಿ, ಮದುವೆಯ ಕರೆಯೋಲೆ, ಮಗಳಿಗೆ ಕಳುಹಿಸುವ ಸಂದೇಶ, ಮೊಮ್ಮಗನ ಮೊದಲ ಅಕ್ಷರ ಇವೆಲ್ಲವೂ ಕನ್ನಡದಲ್ಲಿ ನಡೆಯಲಿ. ಬರವಣಿಗೆಯಲ್ಲಿ ತಪ್ಪು ನುಸುಳಿದರೆ ತಿದ್ದಿಕೊಳ್ಳೋಣ. ಓಡುವ ಗಾಡಿಗೆ ಕೆಸರು ಮೆತ್ತುವುದು ಸಹಜ.