ಶಿಕಾಗೊದ ನೆಲಮಾಳಿಗೆಯ ಉಕ್ಕಿನ ಗುಂಡು

ಶಿಕಾಗೊ ಎಂದೊಡನೆ ನಮ್ಮ ನಾಡಿನ ಓದುಗರಿಗೆ ೧೮೯೩ರ ಸರ್ವಧರ್ಮ ಸಮ್ಮೇಳನ ನೆನಪಾಗುವುದು ಸಹಜ. ಆ ಸಮ್ಮೇಳನ ನಡೆದ ಕಟ್ಟಡವು ಇಂದು ಕಲಾಸಂಗ್ರಹಾಲಯವಾಗಿದೆ. ನಾವೂ ಅಲ್ಲಿಗೆ ಹೋಗಿ ನಮಿಸಿ ಬಂದೆವು. ಅದನ್ನು ವರ್ಣಿಸಿದವರು ಅನೇಕರಿರುವುದರಿಂದ ಇಲ್ಲಿ ಅದನ್ನು ಬಿಟ್ಟು, ಅದೇ ನಗರವು ಲೋಕಕ್ಕೆ ಕೊಟ್ಟ ಒಂದು ಆಟದ ಯಂತ್ರದ ವಿಷಯವನ್ನೂ ಅದನ್ನು ಮನೆಯಲ್ಲಿ ಸಾಕಿಕೊಂಡವರ ವಿಷಯವನ್ನೂ ಬರೆಯಬೇಕೆನಿಸಿದೆ. ಆ ಯಂತ್ರದ ಹೆಸರು ಪಿನ್‌ಬಾಲ್.

ನಗರದ ವಾಯವ್ಯಕ್ಕೆ, ಓಹೇರ್ ವಿಮಾನ ನಿಲ್ದಾಣದಾಚೆ ಇರುವ ಷಾಂಬರ್ಗ್ ಎಂಬ ಉಪನಗರದಲ್ಲಿ ಧಾರವಾಡದ ಕಡೆಯ ಶರಣ ದಂಪತಿಗಳ ಮನೆಯಲ್ಲಿ ನಮ್ಮ ವಾಸ್ತವ್ಯವಿತ್ತು. ಆ ಸೀಮೆಯಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮನೆಯ ತಳಪಾಯವನ್ನು ಕನಿಷ್ಠ ೪೨ ಅಂಗುಲ ಕೆಳಕ್ಕೆ ಇಳಿಸಲೇಬೇಕು. ಅಷ್ಟು ಅಗೆದವರು ಇನ್ನಷ್ಟು ಅಗೆದು ಒಂದು ನೆಲಮಾಳಿಗೆಯನ್ನೇ ಕಟ್ಟಿಕೊಳ್ಳುವುದು ಅಲ್ಲಿಯ ರೂಢಿ. ನಮ್ಮ ಆತಿಥೇಯರ ಮನೆಯಲ್ಲಿ ಮೇಲಿನ ಅಂತಸ್ತಿನಲ್ಲಿ ಇಷ್ಟಲಿಂಗ ಪೂಜೆಯ ಕೋಣೆ, ನಡುವೆ ಅಡುಗೆಮನೆ, ಕೆಳಗೆ ನೆಲಮಾಳಿಗೆಯಲ್ಲಿ ಸಾಲಾಗಿ ನಾಲ್ಕು ಪಿನ್‌ಬಾಲ್ ಯಂತ್ರಗಳು. ಗಾಟ್ಲೀಬ್ ಕಂಪನಿಯ ೧೯೬೫ರ ‘ಕಿಂಗ್ಸ್ ಅಂಡ್ ಕ್ವೀನ್ಸ್’, ಬ್ಯಾಲಿಯವರ ೧೯೭೨ರ ‘ಫೈರ್‌ಬಾಲ್’, ವಿಲಿಯಮ್ಸ್‌ನವರ ೧೯೯೦ರ ‘ಫನ್‌ಹೌಸ್’, ಬ್ಯಾಲಿಯ ಹೆಸರಿನಲ್ಲಿ ೧೯೯೨ರಲ್ಲಿ ಬಂದ ‘ಆಡಮ್ಸ್ ಫ್ಯಾಮಿಲಿ’. ಈ ಕೊನೆಯದು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಮಾರಾಟವಾಗಿ ಹೆಸರು ಮಾಡಿದ ಯಂತ್ರ.

ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ನಾಲ್ಕು ಕಾಲಿನ ಮೇಲೆ ನಿಂತ, ಗಾಜಿನ ಮುಚ್ಚಳವುಳ್ಳ ಉದ್ದನೆಯ ಪೆಟ್ಟಿಗೆ. ಅದರೊಳಗಿನ ಮರದ ಹಲಗೆ ಆರೂವರೆ ಡಿಗ್ರಿಯಷ್ಟು ಆಟಗಾರನ ಕಡೆಗೆ ಇಳಿಜಾರು. ಹಿಂದೆ ಚಿತ್ರಗಳಿಂದಲೂ ದೀಪಗಳಿಂದಲೂ ಬೆಳಗುವ ಇನ್ನೊಂದು ಪೆಟ್ಟಿಗೆ ನೆಟ್ಟಗೆ ನಿಂತಿರುತ್ತದೆ. ಅಂಕಗಳು ಮೂಡುವುದು ಅಲ್ಲಿ. ಎಂಬತ್ತು ಗ್ರಾಂ ತೂಕದ ಉಕ್ಕಿನ ಗುಂಡೊಂದನ್ನು ಸ್ಪ್ರಿಂಗಿನಿಂದ ಮೇಲಕ್ಕೆ ಚಿಮ್ಮಿಸಬೇಕು. ಅದು ಕಂಬಗಳಿಗೆ, ಬಂಪರುಗಳಿಗೆ ತಾಗುತ್ತ, ಗಂಟೆ ಬಾರಿಸುತ್ತ ಕೆಳಗಿಳಿಯುತ್ತದೆ. ಕೆಳಗೆ ಫ್ಲಿಪ್ಪರ್ ಎಂಬ ಎರಡು ಪುಟ್ಟ ತೋಳುಗಳಿವೆ. ಪೆಟ್ಟಿಗೆಯ ಎರಡೂ ಪಕ್ಕದ ಗುಂಡಿಗಳನ್ನು ಒತ್ತಿದರೆ ಅವು ಮೇಲೆದ್ದು ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ತಪ್ಪಿದರೆ ಗುಂಡು ಗುಳಿಗೆ ಸೇರಿತು. ಎಂತಹ ಚತುರನೂ ಗುಂಡಿನ ಪತನವನ್ನು ಮುಂದೂಡಬಲ್ಲನಲ್ಲದೆ ತಪ್ಪಿಸಲಾರ. ಮನೆಯ ಮಕ್ಕಳ ಒತ್ತಾಯಕ್ಕೆ ನಾವೂ ಆಡಿದೆವು. ಮೂರು ಗುಂಡುಗಳೂ ಎರಡು ನಿಮಿಷದೊಳಗೆ ಮುಗಿದುವು. ಮಕ್ಕಳು ಗೌರವದಿಂದ ನಗೆಯನ್ನು ತಡೆದುಕೊಂಡರು.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಆಟವಲ್ಲ, ಒಳಗಿನ ಒಂದು ಲೋಲಕ. ಗುಂಡು ಗುಳಿಯತ್ತ ಹೊರಟಾಗ ಆಟಗಾರನು ಪೆಟ್ಟಿಗೆಯನ್ನು ಮೆಲ್ಲಗೆ ದೂಡಿ ಅದರ ದಾರಿಯನ್ನು ಬದಲಿಸಬಹುದು, ಇದಕ್ಕೆ ಅನುಮತಿಯಿದೆ. ಆದರೆ ಪೆಟ್ಟಿಗೆಯ ಒಡಲಿನಲ್ಲಿ, ಗಾರೆ ಕೆಲಸದವರ ತೂಗುಗುಂಡಿನಂತಹ ಒಂದು ಲೋಹದ ತುಂಡು ಉಂಗುರದ ನಡುವೆ ತೂಗುತ್ತಿರುತ್ತದೆ. ಅಲುಗಾಟ ಮಿತಿ ಮೀರಿದರೆ ಅದು ಉಂಗುರಕ್ಕೆ ತಾಗಿ, ಫ್ಲಿಪ್ಪರುಗಳು ಸತ್ತು, ಗುಂಡು ಕಣ್ಣೆದುರೇ ಜಾರಿಹೋಗುತ್ತದೆ. ಇದಕ್ಕೆ ಟಿಲ್ಟ್ ಎನ್ನುತ್ತಾರೆ. ಸಂಯಮವನ್ನು ಉಪದೇಶಿಸುವ ನಮ್ಮಂಥವರು ಎಷ್ಟು ಮಾತು ಖರ್ಚು ಮಾಡುತ್ತೇವೆ! ಆ ತುಂಡು ಲೋಹ ಒಂದು ಸಲ ತಾಗಿದರೆ ಸಾಕು, ಹತ್ತು ವರ್ಷದ ಹುಡುಗನಿಗೆ ಅರ್ಥವಾಗುತ್ತದೆ.

ಆತಿಥೇಯರ ವೃದ್ಧ ತಾಯಿಯವರಿಗೆ ಈ ಯಂತ್ರಗಳು ಸೇರವು. ‘ಮನೆಯೊಳಗೆ ಜೂಜಿನ ಪೆಟ್ಟಿಗೆ ಏಕೆ?’ ಎಂಬುದು ಅವರ ಮೊದಲ ಪ್ರಶ್ನೆ. ಇದು ಆಧಾರವಿಲ್ಲದ ಮಾತೇನೂ ಅಲ್ಲ. ಫ್ರಾನ್ಸ್ ದೇಶದ ಬ್ಯಾಗಟೆಲ್ ಎಂಬ ಮೇಜಿನ ಆಟವು ಅಮೆರಿಕಕ್ಕೆ ಬಂದು, ೧೮೭೧ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬವರ ಪೇಟೆಂಟಿನಿಂದ ಸ್ಪ್ರಿಂಗಿನ ಚಿಮ್ಮುಗೋಲನ್ನು ಪಡೆಯಿತು. ೧೯೩೧ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಶಿಕಾಗೊದ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ ಪುಟ್ಟ ಯಂತ್ರವನ್ನು ಹದಿನೇಳೂವರೆ ಡಾಲರಿಗೆ ಮಾರಿ ಊರೂರಿಗೆ ಹಬ್ಬಿಸಿದರು. ಅಂದಿನ ಯಂತ್ರಗಳಲ್ಲಿ ಮೊಳೆಗಳಿದ್ದುವು, ಗುಳಿಗಳಿದ್ದುವು, ಫ್ಲಿಪ್ಪರ್ ಇರಲಿಲ್ಲ. ಗುಂಡನ್ನು ಚಿಮ್ಮಿಸಿದ ಮೇಲೆ ಉಳಿದದ್ದು ಬಹುಪಾಲು ಅದೃಷ್ಟ. ಅಂಗಡಿಕಾರರು ಗೆದ್ದವರಿಗೆ ಬಹುಮಾನ ಕೊಡತೊಡಗಿದರು, ಮಕ್ಕಳ ಪುಡಿಗಾಸು ಅಲ್ಲಿ ಕರಗತೊಡಗಿತು. ೧೯೪೨ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಅವುಗಳನ್ನು ನಿಷೇಧಿಸಿ, ತಾವೇ ಸುತ್ತಿಗೆ ಹಿಡಿದು ಒಡೆದರು. ಅಂದಿನ ಯಂತ್ರಗಳ ಮಟ್ಟಿಗೆ ಅವರು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ.

ಆದರೆ ಯಂತ್ರ ಬದಲಾಯಿತು. ೧೯೪೭ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮಾಬ್ಸ್ ಎಂಬ ವಿನ್ಯಾಸಕಾರರು ‘ಹಂಪ್ಟಿ ಡಂಪ್ಟಿ’ಯಲ್ಲಿ ಆರು ಫ್ಲಿಪ್ಪರುಗಳನ್ನು ಅಳವಡಿಸಿದರು. ಮರುವರ್ಷವೇ ಸ್ಟೀವ್ ಕೊರ್ಡೆಕ್ ಎಂಬ ಇನ್ನೊಬ್ಬರು ಎರಡೇ ಸಾಕೆಂದು ಅವನ್ನು ಹಲಗೆಯ ತಳದಲ್ಲಿ ಇರಿಸಿದರು. ಅಲ್ಲಿಂದ ಇದು ಕಣ್ಣು ಕೈಗಳ ಆಟವಾಯಿತು. ಯಂತ್ರವು ಬದಲಾದರೂ ನ್ಯೂಯಾರ್ಕಿನ ಕಾನೂನು ಬದಲಾಗಲು ೧೯೭೬ರವರೆಗೆ ಕಾಯಬೇಕಾಯಿತು. ಆ ವರ್ಷ ರೋಜರ್ ಶಾರ್ಪ್ ಎಂಬ ತರುಣ ಲೇಖಕರು ನಗರ ಸಭೆಯ ಸದಸ್ಯರ ಎದುರಿಗೆ ನಿಂತು, ಈ ಗುಂಡು ನಡುವಿನ ಓಣಿಯಲ್ಲಿಯೇ ಇಳಿಯುವುದೆಂದು ಮೊದಲೇ ಹೇಳಿ ಚಿಮ್ಮಿಸಿದರು. ಗುಂಡು ಅಲ್ಲಿಯೇ ಇಳಿಯಿತು. ನಿಷೇಧ ತೊಲಗಿತು. ಪಗಡೆಯ ದಾಳಕ್ಕೆ ಹಾಗೆ ಹೇಳಿ ಹಾಕಲಾದೀತೇ ಎಂದು ನಾವು ತಾಯಿಯವರನ್ನು ಕೇಳಿದೆವು. ಜೂಜಿನ ಮಾತನ್ನು ಅವರು ಅಲ್ಲಿಗೆ ಬಿಟ್ಟರು.

ಅವರ ಎರಡನೆಯ ಪ್ರಶ್ನೆ ಹಣದ್ದು. ಹೊಸ ಪಿನ್‌ಬಾಲ್ ಯಂತ್ರಕ್ಕೆ ಏಳು ಸಾವಿರ ಡಾಲರಿನ ಆಸುಪಾಸು ಬೆಲೆ. ನಮ್ಮ ಲೆಕ್ಕದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಅಷ್ಟು ಹಣದಲ್ಲಿ ಊರಿನ ಉಚಿತ ಪ್ರಸಾದ ನಿಲಯದ ಎಷ್ಟು ಮಕ್ಕಳು ವರ್ಷವಿಡೀ ಉಣ್ಣಬಹುದೆಂದು ಅವರು ಬೆರಳೆಣಿಸಿ ಹೇಳಿದರು. ಅಂತಹುದೇ ಒಂದು ಪ್ರಸಾದ ನಿಲಯದ ಜೋಳದ ರೊಟ್ಟಿಯಿಂದ ಬೆಳೆದ ನಮಗೆ ಆ ಲೆಕ್ಕವನ್ನು ತಳ್ಳಿಹಾಕಲು ಬಾಯಿ ಬರಲಿಲ್ಲ. ಮಗನೂ ವಾದಿಸಲಿಲ್ಲ. ನಾಲ್ಕೂ ಯಂತ್ರಗಳನ್ನು ಕೆಟ್ಟ ಸ್ಥಿತಿಯಲ್ಲಿ ಅಗ್ಗವಾಗಿ ಕೊಂಡು ತಾನೇ ದುರಸ್ತಿ ಮಾಡಿದ್ದೆಂದೂ, ನಾಲ್ಕಕ್ಕಿಂತ ಹೆಚ್ಚು ಇಡುವುದಿಲ್ಲವೆಂದೂ ಹೇಳಿ ಸುಮ್ಮನಾದರು.

ಆ ದುರಸ್ತಿಯನ್ನು ನಾವು ಒಂದು ಇಡೀ ಮಧ್ಯಾಹ್ನ ಕುಳಿತು ನೋಡಿದೆವು. ೧೯೬೫ರ ಯಂತ್ರದಲ್ಲಿ ಕಂಪ್ಯೂಟರಿನ ಸುಳಿವೇ ಇಲ್ಲ. ರಿಲೇಗಳು, ಮೋಟಾರು, ಬಟ್ಟೆ ಸುತ್ತಿದ ತಂತಿಗಳು, ಅಂಕ ತೋರಿಸುವ ತಿರುಗುಚಕ್ರಗಳು, ಲೆಕ್ಕವಿಲ್ಲದಷ್ಟು ತಾಮ್ರದ ಪಟ್ಟಿಗಳು. ಒಂದು ಪಟ್ಟಿಯ ತುದಿಗೆ ಮಸಿ ಹಿಡಿದರೂ ಆಟ ನಿಲ್ಲುತ್ತದೆ. ಹಾಸಿಗೆಯಗಲದ ನಕ್ಷೆಯನ್ನು ಹರಡಿ, ಬೆರಳಿಟ್ಟು ಹುಡುಕಿ, ಸಣ್ಣ ಅರದಿಂದ ಮಸಿ ತೆಗೆಯಬೇಕು. ಫ್ಲಿಪ್ಪರಿನ ಒಳಗುಟ್ಟು ಇನ್ನೂ ಸ್ವಾರಸ್ಯದ್ದು. ಅದರ ಸುರುಳಿಯಲ್ಲಿ ದಪ್ಪ ತಂತಿಯ ಸುತ್ತು ಒಂದು, ತೆಳು ತಂತಿಯ ಸುತ್ತು ಒಂದು. ದಪ್ಪ ತಂತಿ ತೋಳನ್ನು ಬಲವಾಗಿ ಎತ್ತುತ್ತದೆ. ತೋಳು ಮೇಲೆ ಮುಟ್ಟಿದೊಡನೆ ಒಂದು ಸ್ವಿಚ್ಚು ತೆರೆದು, ವಿದ್ಯುತ್ತು ತೆಳು ತಂತಿಯ ಮೂಲಕವೂ ಹರಿಯಬೇಕಾಗಿ ತಗ್ಗುತ್ತದೆ. ಎತ್ತಿದ್ದನ್ನು ಹಿಡಿದಿಡಲು ಅಷ್ಟೇ ಸಾಕು. ಆ ಸ್ವಿಚ್ಚು ಅಂಟಿಕೊಂಡರೆ ಸುರುಳಿ ಸುಟ್ಟುಹೋಗುತ್ತದೆ. ೧೯೯೦ರ ದಶಕದ ಯಂತ್ರಗಳ ಕಷ್ಟ ಬೇರೆ. ನೆನಪು ಉಳಿಸಲೆಂದು ಮುಖ್ಯ ಫಲಕದ ಮೇಲಿಟ್ಟ ಮೂರು ಪುಟ್ಟ ಬ್ಯಾಟರಿಗಳನ್ನು ಮರೆತರೆ, ಅವು ಸೋರಿ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತವೆ. ಗೀರುಬಿದ್ದ ಗುಂಡು ಮರಳುಕಾಗದದಂತೆ ಹಲಗೆಯ ಚಿತ್ರವನ್ನು ಸವೆಸುವುದರಿಂದ ಅದನ್ನೂ ಬದಲಿಸುತ್ತಿರಬೇಕು. ಹಗಲೆಲ್ಲ ಪರದೆಯ ಮುಂದೆ ಕುಳಿತು ಬೆರಳಿಗೆ ಸಿಗದ ಕೆಲಸ ಮಾಡುವವರು ಸಂಜೆ ಹೀಗೆ ಕೈಗೆ ಮಸಿ ಮಾಡಿಕೊಳ್ಳುವುದನ್ನು ಕಾಯಕವೆನ್ನಲು ನಮಗೆ ಸಂಕೋಚವಿಲ್ಲ.

ಇವು ಮನೆಗಳಿಗೆ ಬಂದುದಕ್ಕೂ ಕಾರಣವಿದೆ. ವಿಡಿಯೊ ಆಟಗಳು ಬಂದು ಆಟದಂಗಡಿಗಳಿಂದ ಇವು ಹೊರಬಿದ್ದುವು. ೧೯೯೯ರಲ್ಲಿ ವಿಲಿಯಮ್ಸ್ ಕಂಪನಿಯು ತನ್ನ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಸ್ಟರ್ನ್ ಎಂಬ ಒಂದು ಕಂಪನಿಯೇ ಈ ಕಸುಬನ್ನು ಹಿಡಿದುಕೊಂಡಿತ್ತೆನ್ನಬಹುದು. ಅದರ ಕಾರ್ಖಾನೆ ಇಂದು ಷಾಂಬರ್ಗಿನ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿದೆ. ಹಳೆಯ ಯಂತ್ರಗಳನ್ನು ಉಳಿಸಿದವರು ಈ ನೆಲಮಾಳಿಗೆಯವರೇ. ಇವರಲ್ಲಿಯೂ ಎಲ್ಲರೂ ಒಂದೇ ಬಗೆಯವರಲ್ಲ. ಬೆಲೆ ಏರಲೆಂದು ಹೊಸ ಯಂತ್ರವನ್ನು ಡಬ್ಬಿ ಒಡೆಯದೆ ಇಟ್ಟವರುಂಟು. ಅದಕ್ಕೆ ಸಂಗ್ರಹವೆಂಬ ಹೆಸರೇ ಸರಿ. ಶರಣರು ದೂರವಿಡಲು ಹೇಳಿದ ಅರ್ಥದಲ್ಲಿಯೇ.

ನಾವು ಕಂಡ ‘ಕಿಂಗ್ಸ್ ಅಂಡ್ ಕ್ವೀನ್ಸ್’ ನಾಲ್ಕು ಮನೆಗಳಾಚೆಗಿದ್ದ ಅಮೆರಿಕನ್ ವೃದ್ಧರೊಬ್ಬರದು. ಪತ್ನಿ ತೀರಿಕೊಂಡ ಮೇಲೆ ಅವರು ವೃದ್ಧರ ವಸತಿಯ ಒಂದೇ ಕೋಣೆಗೆ ಹೋಗಬೇಕಾಯಿತು. ನೂರು ಕಿಲೊ ಮೀರಿದ ಪೆಟ್ಟಿಗೆಗೆ ಅಲ್ಲಿ ಜಾಗವಿಲ್ಲ. ಇವರು ಅದನ್ನು ಕೊಂಡು, ಕಾಲುಗಳನ್ನು ಬಿಚ್ಚಿ, ಹಿಂದಿನ ಪೆಟ್ಟಿಗೆಯನ್ನು ಕಳಚಿ ಮೆಟ್ಟಿಲಿಳಿಸಿದರು. ನೆಲಮಾಳಿಗೆಯ ಬಾಗಿಲಿನ ಕೀಲಿಕೈಯೊಂದನ್ನು ವೃದ್ಧರ ಕೈಗೇ ಕೊಟ್ಟರು. ಶನಿವಾರ ಅವರು ಬರುತ್ತಾರೆ. ಕೈ ನಡುಗುತ್ತದೆ, ಆದರೆ ಗುಂಡಿಯ ಮೇಲಿಟ್ಟ ಬೆರಳು ನಡುಗದು. ತಾಯಿಯವರು ಒಂದು ಲೋಟ ಚಹವನ್ನು ಮೇಲಿನಿಂದ ಕಳುಹಿಸುತ್ತಾರೆ, ತಾವು ಇಳಿದು ಬರುವುದಿಲ್ಲ. ಐದು ಗುಂಡುಗಳ ಒಂದೇ ಆಟ. ಮುಗಿದೊಡನೆ ಸ್ವಿಚ್ಚು ಆರಿಸಿ, ಕರ್ಚೀಫಿನಿಂದ ಗಾಜನ್ನು ಒರೆಸಿ, ಚಹ ಕುಡಿದು ಹೊರಡುತ್ತಾರೆ.